ಬಿಚ್ಚಬಾರದ ಕಟ್ಟು

ಕಳೆದ ಭಾನುವಾರ ಕಾಣಿಯೂರಿನ ಪುಷ್ಪಳ ಮನೆಗೆ ಊಟಕ್ಕೆ ಹೋಗಿದ್ದೆ. ನಾನು ಪಾಠ ಮಾಡುವ ಪುತ್ತೂರಿನ ಕೋಚಿಂಗ್ ಸೆಂಟರಿನಲ್ಲೇ ಪುಷ್ಪ ಗಣಿತ ಕಲಿಸುತ್ತಾಳೆ. ಚಾವಡಿಯಲ್ಲಿ ಕುಳಿತು ಮಾತಾಡುತ್ತಿದ್ದಾಗ ಒಳಗೆ ಅವಳ ಅಮ್ಮ ಬಾಣಲೆಯಲ್ಲಿ ಏನನ್ನೋ ಹುರಿಯತೊಡಗಿದರು. ವಾಸನೆ ಹೊರಗೆ ಬಂದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಗಸಗಸೆ. ಪಾಯಸಕ್ಕೆ ಗಸಗಸೆ ಹುರಿಯುವ ಪರಿಮಳಕ್ಕೆ ಬಾಯಲ್ಲಿ ನೀರೂರದೆ ಎದ್ದು ಓಡುವ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಫೋನ್ ಬಂದವಳ ಹಾಗೆ ಎದ್ದು ಅಂಗಳಕ್ಕೆ ಹೋಗಿ ನಿಂತೆ.

"ಎಂತ ಆಯ್ತು ಮಾರಾಯ್ತಿ, ಬಿಸಿಲಲ್ಲಿ ಹೋಗಿ ನಿಂತದ್ದು?" ಎಂದು ಪುಷ್ಪ ಕೇಳಿದಳು. ಎಂತ ಇಲ್ಲ ಎಂದೆ. ಈ 'ಎಂತ ಇಲ್ಲ' ಎನ್ನುವುದನ್ನು ನಾನು ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಕಲಿತೆ. ಅದಕ್ಕೂ ಮೊದಲು ನನಗೆ ಬಾಯಿ ಇತ್ತು, ಬೇಕಾದಷ್ಟು ಇತ್ತು.

ಆ ವರ್ಷ ನಾನು ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ಭದ್ರತೆಯ ಎಂ.ಎ. ಓದುತ್ತಿದ್ದೆ. ತರಗತಿಗಳು ಮುಗಿದಿದ್ದವು, ಪ್ರಬಂಧ ಬರೆಯುವುದೊಂದು ಬಾಕಿ. ಜೂನ್ ತಿಂಗಳಲ್ಲಿ ಪುಸ್ತಕಗಳ ಪೆಟ್ಟಿಗೆಯೊಂದಿಗೆ ಪುತ್ತೂರಿಗೆ ಬಂದಿಳಿದೆ. ಏನು ಓದುತ್ತಿದ್ದೇನೆ ಎಂದು ನಮ್ಮವರಿಗೆ ಹೇಳಿ ಹೇಳಿ ಸುಸ್ತಾಗಿತ್ತು. ಸೆಕ್ಯೂರಿಟಿ ಎಂದ ಕೂಡಲೇ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುವವರು ಎಲ್ಲರ ಕಣ್ಣ ಮುಂದೆ ಬರುತ್ತಿದ್ದರು. ಅದಕ್ಕೆ ಇಷ್ಟು ಓದಬೇಕಾ, ಮೀಸೆ ಬೇಡವಾ ಎಂದು ತಮ್ಮ ಅನ್ಸಾರ್ ತಮಾಷೆ ಮಾಡುತ್ತಿದ್ದ. ನಾನೂ ನಗುತ್ತಿದ್ದೆ. ಆಗ ನಗು ಸುಲಭವಾಗಿ ಬರುತ್ತಿತ್ತು.

ನನ್ನ ಪ್ರಬಂಧದ ವಿಷಯ ದೊಡ್ಡ ಹೆಸರಿನದ್ದಾದರೂ ತಿರುಳು ಸರಳ. ಯಾವ ಸಾಮಾನು ಯಾವ ದೇಶದ ಗಡಿ ದಾಟಬಹುದು, ಯಾವುದು ದಾಟಬಾರದು, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದು. ಹಾಲಿನ ಡೈರಿಗೂ ಬಾಂಬಿನ ಕಾರ್ಖಾನೆಗೂ ಒಂದೇ ಬಗೆಯ ಪಂಪು, ಒಂದೇ ಬಗೆಯ ಪೈಪು ಬೇಕಾಗುವುದುಂಟು. ಅಂಥವುಗಳ ಮೇಲೆ ಕಣ್ಣಿಡಲು ದೇಶದೇಶಗಳು ಸೇರಿ ಕಚೇರಿಗಳನ್ನು ನಡೆಸುತ್ತವೆ. ಅಂಥದೊಂದು ಕಚೇರಿಯಲ್ಲಿ ಎರಡು ವರ್ಷದ ತರಬೇತಿ ಹುದ್ದೆಗೆ ನಾನು ಅರ್ಜಿ ಹಾಕಿದ್ದೆ. ಅದು ಸಿಕ್ಕಿದರೆ ಮುಂದಿನ ದಾರಿ ತೆರೆದ ಹಾಗೆ. ನಮ್ಮ ಕಡೆಯ ಹೆಣ್ಣೊಬ್ಬಳು ಅಂಥ ಮೇಜಿನ ಮುಂದೆ ಕುಳಿತದ್ದು ನನಗೆ ಗೊತ್ತಿರಲಿಲ್ಲ. ಹಗಲಿಡೀ ಅದೇ ಕನಸು.

ಮನೆಯ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಮೊದಲ ಸುತ್ತಿನ ಆನ್‌ಲೈನ್ ಸಂದರ್ಶನಕ್ಕೆ ಉಪ್ಪನ ಅಂಗಡಿಯೇ ಗತಿಯಾಯಿತು. ಉಪ್ಪ, ಅಂದರೆ ನನ್ನ ತಂದೆ, ಪೇಟೆಯಲ್ಲಿ ಅಡಿಕೆ ಖರೀದಿಯ ಸಣ್ಣ ಅಂಗಡಿ ಇಟ್ಟಿದ್ದವರು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿ ಅವರು ಮಸೀದಿಗೆ ಹೋದ ಮೇಲೆ ನಾನು ಒಳಗೆ ಅಡಿಕೆ ಮೂಟೆಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಮೂಟೆಗಳು ಮಳೆಯ ಸದ್ದನ್ನು ಕುಡಿದುಬಿಡುತ್ತವೆ. ಅಲ್ಲಿಂದಲೇ ದೇಶಗಳ ಒಪ್ಪಂದಗಳ ಬಗ್ಗೆ, ಬಂದರುಗಳ ತಪಾಸಣೆಯ ಬಗ್ಗೆ ಮಾತಾಡಿದೆ. ಆಯ್ಕೆಯಾದೆ. ಕೊನೆಯ ಸುತ್ತು ಮುಖಾಮುಖಿ, ಕೊಲ್ಲಿಯ ಒಂದು ನಗರದಲ್ಲಿದ್ದ ಅವರ ಶಾಖೆಯಲ್ಲಿ.

ಸುದ್ದಿ ಕೇಳಿ ನನ್ನ ತಾಯಿ, ಉಮ್ಮ, ಎರಡು ರಕಾತು ನಮಾಜು ಹೆಚ್ಚು ಮಾಡಿದರು. ಉಪ್ಪ ಪೇಟೆಯಿಂದ ಬಿಸಿ ಬಿಸಿ ಬನ್ಸ್ ಕಟ್ಟಿಸಿಕೊಂಡು ಬಂದರು. ಊರಿಗೆ ಮಾತ್ರ ಸಂದರ್ಶನ ಬೇಡವಾಗಿತ್ತು. ಅಡಿಕೆಯವರ ಮಗಳು ಮಿಸ್ರಿ ಗಲ್ಫಿಗೆ ಹೊರಟಿದ್ದಾಳೆ ಎಂಬಷ್ಟೇ ಅವರಿಗೆ ಸಾಕಾಯಿತು. ನಮ್ಮವರಲ್ಲಿ ಯಾರಾದರೂ ಗಲ್ಫಿಗೆ ಹೊರಟರೆ ಟಿಕೆಟು ಒಬ್ಬರದ್ದು, ಬ್ಯಾಗು ಊರಿನದ್ದು. ಮಗನಿಗೆ ಹಲಸಿನ ಹಪ್ಪಳ, ಅಳಿಯನಿಗೆ ಉಪ್ಪಿನಕಾಯಿ, ಯಾರದೋ ಭಾವನಿಗೆ ಕೆಮ್ಮಿನ ಕಷಾಯದ ಹುಡಿ. ಕಟ್ಟಿನ ಮೇಲೆ ಹೆಸರು, ಫೋನ್ ನಂಬ್ರ. ಕೊಟ್ಟವರು ಒಳಗೆ ಏನಿದೆ ಎಂದು ಹೇಳುವುದಿಲ್ಲ, ಒಯ್ಯುವವರು ಕೇಳುವುದಿಲ್ಲ. ಬಿಚ್ಚಿ ನೋಡಿದರೆ ಕೊಟ್ಟವರ ಮುಖಕ್ಕೇ ಕಳ್ಳರು ಎಂದ ಹಾಗೆ. ಇದನ್ನು ನಾವು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ಹುಟ್ಟಿದಂದಿನಿಂದ ನೋಡಿದ್ದು.

ಹೊರಡುವ ಹಿಂದಿನ ದಿನ ಅಜ್ಜಾವರದಿಂದ ಖತೀಜ ಮಾಮಿ ಬಂದರು. ಅವರು ಉಪ್ಪನ ಅಕ್ಕ. ನನ್ನ ಅಜ್ಜಿ ತೀರಿಕೊಂಡಾಗ ಉಪ್ಪ ಇನ್ನೂ ಕೂಸು. ಮಾಮಿಯೇ ಬೀಡಿ ಕಟ್ಟಿ ಅವರನ್ನು ಸಾಕಿದರು, ಶಾಲೆಗೆ ಕಳಿಸಿದರು. ಸುಳ್ಯದ ಬಸ್ಸಿನಲ್ಲಿ ನೆನೆದುಕೊಂಡು ಬಂದ ಮಾಮಿಯ ಕಂಕುಳಲ್ಲಿ ಬಿಳಿ ಬಟ್ಟೆಯಲ್ಲಿ ಒತ್ತಾಗಿ ಹೊಲಿದ ಕಟ್ಟೊಂದಿತ್ತು. ಅವರ ಮಗಳು ರಂಲತ್ ನಾನು ಹೋಗುವ ಊರಿನಲ್ಲೇ ಗಂಡ ಹಾರಿಸನೊಂದಿಗೆ ಇದ್ದಳು, ಆಗ ಹಸಿ ಬಾಣಂತಿ. ಬಾಣಂತಿ ಮದ್ದು ಮಗಾ, ಅಲ್ಲಿ ಎಂತದೂ ಸಿಗುದಿಲ್ಲ ಎಂದು ಮಾಮಿ ನನ್ನ ತಲೆ ಸವರಿದರು. ಚಿಕ್ಕಂದಿನಲ್ಲಿ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದ ಕೈ ಅದು.

ಬ್ಯಾಗನ್ನು ಉಪ್ಪನ ಅಂಗಡಿಯ ತಕ್ಕಡಿಯಲ್ಲೇ ತೂಗಿದೆವು. ಭಾರ ಜಾಸ್ತಿ ಬಂತು. ಉಪ್ಪ ಹಗ್ಗ ಬಿಚ್ಚಿ, ನಾನು ಸಂದರ್ಶನಕ್ಕೆಂದು ಗುರುತು ಹಾಕಿಟ್ಟಿದ್ದ ದಪ್ಪ ಪುಸ್ತಕಗಳೆರಡನ್ನು ಹೊರಗೆ ತೆಗೆದಿಟ್ಟರು. ನಾನು ಬೇಡ ಎಂದೆ.

"ಪುಸ್ತಕ ಅಲ್ಲಿಯೂ ಸಿಗ್ತದೆ. ಮಾಮಿಯ ಕಟ್ಟು ಅಲ್ಲಿ ಸಿಗ್ತದಾ?" ಎಂದರು ಉಪ್ಪ.

ಅಲ್ಲಿ ಇಳಿದಾಗ ಬೆಳಗಾಗಿತ್ತು. ಬ್ಯಾಗು ಯಂತ್ರದೊಳಗೆ ಹೋಯಿತು, ಹೊರಬಂದಾಗ ಅದರ ಮೇಲೆ ಸೀಮೆಸುಣ್ಣದ ಗೀಟು ಬಿದ್ದಿತ್ತು. ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಮೂರು ಪ್ರಶ್ನೆ ಕೇಳಿದರು. ಇದು ನಿಮ್ಮ ಬ್ಯಾಗಾ, ಇದನ್ನು ತುಂಬಿಸಿದ್ದು ನೀವೇನಾ, ಒಳಗೆ ಇರುವುದೆಲ್ಲ ಏನೆಂದು ನಿಮಗೆ ಗೊತ್ತಾ. ಈ ಮೂರು ಪ್ರಶ್ನೆಗಳ ಮೇಲೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದವಳು. ಮೊದಲ ಎರಡಕ್ಕೆ ಹೌದು ಎಂದೆ. ಮೂರನೆಯದಕ್ಕೆ ಮಾಮಿಯ ಕಟ್ಟಿನ ಕಡೆ ನೋಡಿದೆ.

ಅವರು ಮಾಮಿಯ ಹೊಲಿಗೆಯನ್ನು ಕತ್ತರಿಸಿದರು. ಒಣಶುಂಠಿ, ಅಂಟು, ಓಮ, ಮಸಾಲೆ ಹುಡಿ ಒಂದೊಂದಾಗಿ ಹೊರಗೆ ಬಂದವು. ಎಲ್ಲಕ್ಕಿಂತ ಅಡಿಯಲ್ಲಿ, ಹಳೆಯ ಬಟ್ಟೆಯೊಂದರಲ್ಲಿ ಸುತ್ತಿದ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ತೀರಿಹೋದ ಮಾವನ ಹೆಸರು ಕೊರೆದಿತ್ತು: ಹಸೈನಾರ್, ಅಜ್ಜಾವರ. ಮದುವೆಗೋ ಮನೆ ಒಕ್ಕಲಿಗೋ ಬಂದ ಪಾತ್ರೆಗಳ ಮೇಲೆ ಹೆಸರು ಕೊರೆಸಿಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಡಬ್ಬಿಯ ತುಂಬ ಗಸಗಸೆ.

ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ಅಫೀಮಿನ ಗಿಡದ ಬೀಜ. ತರುವುದು ಅಪರಾಧ. ಇದು ನನಗೆ ಗೊತ್ತಿರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದ್ದಾರೆ. ಗೊತ್ತಿತ್ತು. ಡಬ್ಬಿಯೊಳಗೆ ಅದು ಉಂಟು ಎಂಬುದು ಗೊತ್ತಿರಲಿಲ್ಲ.

ಹೆಂಗಸರ ಒಂದು ಕೋಣೆಯಲ್ಲಿ ಕೂರಿಸಿದರು. ಫೋನ್ ತೆಗೆದುಕೊಂಡರು. ಹೊಡೆಯಲಿಲ್ಲ, ಬೈಯಲಿಲ್ಲ, ನೀರು ಕೊಟ್ಟರು, ಊಟವನ್ನೂ ಕೊಟ್ಟರು. ಯಾಕೆ ಬಂದದ್ದು ಎಂದು ಕೇಳಿದಾಗ ಸಂದರ್ಶನದ ಪತ್ರ ತೋರಿಸಿದೆ. ನಿಷೇಧಿತ ಸಾಮಾನುಗಳ ಮೇಲೆ ಕಣ್ಣಿಡುವ ಕಚೇರಿಯಲ್ಲಿ ಕೆಲಸಕ್ಕೆ ಬಂದಿದ್ದೇನೆ ಎಂದೆ. ಅಧಿಕಾರಿ ಹೆಂಗಸು ಪತ್ರವನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಪಕ್ಕದವಳಿಗೆ ತಮ್ಮ ಭಾಷೆಯಲ್ಲಿ ಅದನ್ನು ವಿವರಿಸಿದಳು. ಇಬ್ಬರೂ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೋಡೆಯ ಗಡಿಯಾರದಲ್ಲಿ ನನ್ನ ಸಂದರ್ಶನದ ಹೊತ್ತು ಬಂತು, ಆ ಹೊತ್ತು ದಾಟಿಯೂ ಹೋಯಿತು. ಎ.ಸಿ.ಯ ಚಳಿಗೆ ಕೈ ಮರಗಟ್ಟಿತ್ತು.

ಮರುದಿನ ಸಂಜೆ ಹಾರಿಸ್ ಯಾರ್ಯಾರನ್ನೋ ಹಿಡಿದು, ಯಾವ್ಯಾವುದಕ್ಕೋ ಸಹಿ ಹಾಕಿ ನನ್ನನ್ನು ಹೊರಗೆ ಕರೆತಂದ. ಕೇಸು ಆಗಲಿಲ್ಲ. ಎಚ್ಚರಿಕೆ ಕೊಟ್ಟು, ಮೊದಲ ವಿಮಾನದಲ್ಲಿ ಊರಿಗೆ ಹೋಗಬೇಕೆಂದರು. ಕಾರಿನಲ್ಲಿ ಹಾರಿಸ್ ಮತ್ತೆ ಮತ್ತೆ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ. ಒಳ್ಳೆಯ ಹುಡುಗ, ಆದರೆ ಹೆದರುಪುಕ್ಕಲ. ಆಮೇಲೆ ಡಬ್ಬಿಯ ಮೇಲೆ ಹೆಸರು ಇತ್ತಾ ಎಂದು ಕೇಳಿದ. ಇತ್ತು ಎಂದೆ.

"ಅದೇ ಡಬ್ಬಿ. ಕಳೆದ ರಜೆಯಲ್ಲಿ ನನ್ನ ಹತ್ತಿರ ಕೊಟ್ಟಿದ್ರು. ಇದನ್ನು ತಗೊಂಡು ಹೋದ್ರೆ ನಾನು ಜೈಲಿಗೆ ಹೋಗುದು ಮಾಮಿ ಅಂತ ಹೇಳಿ ವಾಪಸ್ ಕೊಟ್ಟು ಬಂದಿದ್ದೆ" ಎಂದ.

ಮತ್ತೆ, ಊರಿನಲ್ಲಿ ಇದನ್ನು ಯಾರಿಗೂ ಹೇಳಬಾರದು ಎಂದು ಕೇಳಿಕೊಂಡ. ರಂಲತ್ ಬಾಣಂತಿ, ಅವಳಿಗೆ ಗೊತ್ತಾದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ನಾನು ಹೋಗಬೇಕಿದ್ದ ಕಟ್ಟಡ ಯಾವ ದಿಕ್ಕಿನಲ್ಲಿದೆ ಎಂದೂ ನನಗೆ ತಿಳಿಯಲಿಲ್ಲ.

ಮಂಗಳೂರಿನಲ್ಲಿ ಉಪ್ಪ ಬಾಡಿಗೆ ಕಾರು ಮಾಡಿಕೊಂಡು ಕಾಯುತ್ತಿದ್ದರು. ಘಟ್ಟದ ಕಡೆಯಿಂದ ಮಳೆ ಕವುಚಿಕೊಂಡು ಬರುತ್ತಿತ್ತು. ಚಾಲಕ ಚಹಾ ಕುಡಿಯಲು ಇಳಿದಾಗ ಹಾರಿಸ್ ಹೇಳಿದ್ದನ್ನು ಉಪ್ಪನಿಗೆ ಹೇಳಿಬಿಟ್ಟೆ. ಉಪ್ಪನ ಮುಖ ಸಣ್ಣದಾಯಿತು. ನೀವು ಅಜ್ಜಾವರಕ್ಕೆ ಹೋಗಿ ಮಾಮಿಯ ಹತ್ತಿರ ಒಂದು ಮಾತು ಕೇಳಬೇಕು, ಗೊತ್ತಿದ್ದೂ ಯಾಕೆ ಕೊಟ್ಟಿರಿ ಎಂದು ಕೇಳಬೇಕು, ಅಷ್ಟೇ ಸಾಕು ಎಂದೆ.

"ಅವಳ ಬೆರಳು ನೋಡಿದ್ದೀಯಾ ಮಿಸ್ರಿ? ಬೀಡಿ ಕಟ್ಟಿ ಕಟ್ಟಿ ಡೊಂಕಾದದ್ದು. ಆ ಬೆರಳಲ್ಲಿ ನಾನು ಉಂಡವ. ನಾನು ಎಂತ ಅಂತ ಕೇಳುದು?" ಎಂದರು ಉಪ್ಪ.

ಹಾಗಾದರೆ ನಾನು ಯಾರ ಬೆರಳಲ್ಲಿ ಉಂಡವಳು ಎಂದು ನನಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಚಾಲಕ ಬಂದ. ಉಪ್ಪ ಕಿಟಕಿಯ ಗಾಜು ಏರಿಸಿದರು.

ಕಚೇರಿಯವರಿಗೆ ನಡೆದದ್ದನ್ನು ಇದ್ದ ಹಾಗೆ ಬರೆದೆ. ಅವರು ಮರುಕ ತೋರಿಸಿ ಉತ್ತರ ಕೊಟ್ಟರು. ತಮಗೆ ನನ್ನ ಮಾತಿನಲ್ಲಿ ನಂಬಿಕೆಯಿದೆ, ಆದರೆ ಈ ಹುದ್ದೆಗೆ ಹಿನ್ನೆಲೆಯ ತಪಾಸಣೆಯಲ್ಲಿ ಪಾಸಾಗಬೇಕು, ಅದು ಆಗದು ಎಂದರು. ಅವರ ತಪ್ಪೇನೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ, ಇಷ್ಟು ಮೆತ್ತಗೆ ಬರೆಯುತ್ತಿರಲಿಲ್ಲ. ಈ ಓದಿಗೆ ಸಿಗುವ ಒಳ್ಳೆಯ ಕೆಲಸಗಳೆಲ್ಲ ಅದೇ ಪ್ರಶ್ನೆ ಕೇಳುತ್ತವೆ: ಎಲ್ಲಿಯಾದರೂ ನಿಮ್ಮನ್ನು ತಡೆದು ಇಟ್ಟದ್ದುಂಟಾ. ಉಂಟು ಎಂದು ಹೇಳುತ್ತಾ ಬಂದಿದ್ದೇನೆ. ಈಗ ಪುತ್ತೂರಿನ ಮಕ್ಕಳಿಗೆ ಸ್ಪರ್ಧಾತ್ಮಕ ಪರೀಕ್ಷೆಗೆಂದು ಪ್ರಪಂಚದ ನಕ್ಷೆ ತೋರಿಸಿ ಪಾಠ ಮಾಡುತ್ತೇನೆ. ಆ ಊರು ನಕ್ಷೆಯಲ್ಲಿ ಎಲ್ಲಿದೆ ಎಂದು ಈಗ ಚೆನ್ನಾಗಿ ಗೊತ್ತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ನಾನು ಬಂದ ವಾರದೊಳಗೆ ಪೇಟೆಯಲ್ಲಿ ಗುಸುಗುಸು ಎದ್ದಿತು. ಅಡಿಕೆಯವರ ಮಗಳು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದಳಂತೆ. ಕೆಲವರು ಚಿನ್ನ ಎಂದರು. ಚಿನ್ನ ಎಂದವರು ನನ್ನ ಮೇಲೆ ಪ್ರೀತಿ ಇದ್ದವರು. ಉಳಿದವರು ದನಿ ತಗ್ಗಿಸಿ ಪುಡಿ ಎಂದರು. ಓದಿದ್ದು ಸೆಕ್ಯೂರಿಟಿಯಂತೆ, ಮಾಡಿದ್ದು ನೋಡಿ ಎಂದು ಉಪ್ಪನ ಅಂಗಡಿಯ ಎದುರೇ ಒಬ್ಬರು ನಕ್ಕರಂತೆ. ಉಪ್ಪ ಅಡಿಕೆ ಆರಿಸುತ್ತಾ ತಲೆ ಎತ್ತಲಿಲ್ಲವಂತೆ. ಇದನ್ನು ಹೇಳಿದ್ದು ಅನ್ಸಾರ್, ಹೇಳುವಾಗ ಅವನ ಕಣ್ಣು ಕೆಂಪಾಗಿತ್ತು.

ಒಬ್ಬರು, ಒಂದೇ ಒಂದು ಸಲ, ಆ ಕಟ್ಟು ಖತೀಜಳದ್ದು, ಒಳಗೆ ಏನಿತ್ತೆಂದು ಅವಳಿಗೆ ಗೊತ್ತಿತ್ತು ಎಂದು ನಾಲ್ಕು ಜನರ ಎದುರು ಹೇಳಲಿ ಎಂದು ನಾನು ಕಾದೆ. ಜುಲೈ ಹೋಯಿತು, ಆಗಸ್ಟ್ ಬಂತು. ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಉಮ್ಮನ ಹತ್ತಿರ ಕೇಳಿದರೆ ಹೋದದ್ದು ಹೋಯಿತು, ಈಗ ಸಂಬಂಧ ಕೆಡಿಸಿಕೊಳ್ಳುವುದು ಬೇಡ ಎಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಮಾಮಿ ಆ ದಿನಗಳಲ್ಲಿ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಸುಳ್ಯದ ಒಂದು ಮದುವೆಯಲ್ಲಿ ಯಾರೋ ನನ್ನ ವಿಷಯ ತೆಗೆದಾಗ, ಅಷ್ಟು ಓದಿದ ಹುಡುಗಿ, ತನ್ನ ಬ್ಯಾಗಿನಲ್ಲಿ ಎಂತ ಉಂಟು ಅಂತ ನೋಡಿಕೊಳ್ಳುದಲ್ಲವಾ ಎಂದರಂತೆ. ಅದನ್ನು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಬೇಜಾರಿಗಲ್ಲ, ಸಿಟ್ಟಿಗೆ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಅನ್ಸಾರನಿಗೆ ಅದೇ ಊರಿನ ಒಂದು ಸೂಪರ್‌ಮಾರ್ಕೆಟಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು, ಹಾರಿಸ್ ಮಾಡಿಕೊಟ್ಟದ್ದು. ಮತ್ತೆ ಬ್ಯಾಗು, ಮತ್ತೆ ಹಗ್ಗ, ಮತ್ತೆ ತಕ್ಕಡಿ. ಕಟ್ಟುಗಳು ಬರತೊಡಗಿದವು. ನನ್ನ ಕತೆ ಇಡೀ ಪೇಟೆಗೆ ಗೊತ್ತಿದ್ದರೂ ಒಬ್ಬರಾದರೂ ಇದರಲ್ಲಿ ಇಂಥದ್ದು ಉಂಟು, ಬೇಕಾದರೆ ನೋಡಿ ಎನ್ನಲಿಲ್ಲ. ನಮ್ಮವರೂ ಕೇಳಲಿಲ್ಲ. ಹೊರಡುವ ದಿನ ಮಧ್ಯಾಹ್ನ ಮಾಮಿ ಬಂದರು, ಕಂಕುಳಲ್ಲಿ ಬಿಳಿ ಬಟ್ಟೆಯ ಕಟ್ಟು, ಅದೇ ಒತ್ತು ಹೊಲಿಗೆ.

ಎಲ್ಲರೂ ನಡುಮನೆಯಲ್ಲಿದ್ದರು. ಮಾಮಿ ನನ್ನನ್ನು ನೋಡಿ ನಕ್ಕರು, ಸೊರಗಿದ್ದೀ ಎಂದರು. ಉಪ್ಪ ಎದ್ದು ಎರಡೂ ಕೈಯಲ್ಲಿ ಕಟ್ಟನ್ನು ತೆಗೆದುಕೊಂಡು ಬ್ಯಾಗಿನ ಹತ್ತಿರ ಇಟ್ಟರು. ನಾನು ಒಳಗೆ ಹೋಗಿ, ಅಡಿಕೆ ಮೂಟೆಯ ಹೊಲಿಗೆ ಬಿಚ್ಚುವ ಚೂರಿ ತಂದೆ. ಯಾರಿಗೂ ಅರ್ಥವಾಗುವ ಮೊದಲೇ ಕಟ್ಟಿನ ಮುಂದೆ ಕುಳಿತು ಹೊಲಿಗೆಯನ್ನು ಉದ್ದಕ್ಕೆ ಸೀಳಿದೆ.

ಹಲಸಿನ ಹಪ್ಪಳ. ಒಂದು ಬಾಟಲಿ ತೆಂಗಿನೆಣ್ಣೆ. ಮಗುವಿಗೆಂದು ತಮ್ಮ ಹಳೆಯ ಬಟ್ಟೆಗಳನ್ನು ಕತ್ತರಿಸಿ ಮಾಮಿ ಕೈಯಲ್ಲೇ ಹೊಲಿದ ಮೆತ್ತನೆಯ ಅಂಗಿಗಳು. ಒಂದೊಂದನ್ನೂ ಬಿಡಿಸಿ ಕೊಡವಿದೆ. ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಬೇರೆ ಏನೂ ಇರಲಿಲ್ಲ.

ಮಾಮಿ ಕುಳಿತಲ್ಲೇ ಕುಸಿದು ಅಳತೊಡಗಿದರು.

"ನನಗೆ ಗೊತ್ತಿತ್ತು ಮಗಾ, ಹಾರಿಸ್ ಹೇಳಿದ್ದ. ಆದರೆ ನೀನು ಅವರದ್ದೇ ಕೆಲಸಕ್ಕೆ ಹೋಗುದಲ್ಲವಾ? ನಿನ್ನ ಬ್ಯಾಗನ್ನು ಯಾರು ಬಿಡಿಸ್ತಾರೆ ಅಂತ ಕೊಟ್ಟೆ" ಎಂದರು.

ಆ ಇಡೀ ಮಳೆಗಾಲ ನಾನು ಕಾದಿದ್ದ ಮಾತು ಅದು. ಉಪ್ಪ, ಉಮ್ಮ, ಅನ್ಸಾರ್ ಎಲ್ಲರ ಎದುರು, ಹಾಡುಹಗಲಲ್ಲಿ, ಅವರ ಬಾಯಿಂದಲೇ ಬಂತು. ನಾನು ಸುತ್ತ ನೋಡಿದೆ. ಉಮ್ಮ ನೀರು ತರಲು ಓಡಿದ್ದರು. ಅನ್ಸಾರ್ ಮಾಮಿಯ ಬೆನ್ನು ಸವರುತ್ತಿದ್ದ. ಆ ಮಾತು ಯಾರ ಕಿವಿಗೂ ಬಿದ್ದ ಹಾಗೆ ಕಾಣಲಿಲ್ಲ. ಅವರಿಗೆ ಕಂಡದ್ದು ಬಿಚ್ಚಿದ ಕಟ್ಟು ಮತ್ತು ನನ್ನ ಕೈಯ ಚೂರಿ. ನಾನು ಕೋಣೆಯೊಳಗೆ ಕುಳಿತು ಅಷ್ಟು ದಿನ ಅತ್ತಾಗ ಈ ಮನೆಯಲ್ಲಿ ಯಾರೂ ನೀರು ಹಿಡಿದುಕೊಂಡು ಓಡಿರಲಿಲ್ಲ.

ಉಪ್ಪ ಎದ್ದು ನಿಂತರು. ತಿಂಗಳುಗಳಿಂದ ಯಾರ ಎದುರೂ ಏರದಿದ್ದ ಅವರ ದನಿ ಏರಿತು.

"ಮಿಸ್ರಿ, ಮಾಮಿಯ ಹತ್ತಿರ ಮಾಫಿ ಕೇಳು."

ಕೇಳಿದೆ. ಕಾಲು ಮುಟ್ಟಿ ಕೇಳಿದೆ. ಆಮೇಲೆ ಗೋಣಿ ಹೊಲಿಯುವ ದಬ್ಬಣ, ದಾರ ತಂದು, ಅಂಗಿಗಳನ್ನು ಮೊದಲಿದ್ದ ಹಾಗೆ ಮಡಚಿಟ್ಟು, ಕಟ್ಟನ್ನು ನಾನೇ ಹೊಲಿಯತೊಡಗಿದೆ. ಮಾಮಿ ನೀರು ಕುಡಿದರು, ಮುಖ ಒರೆಸಿಕೊಂಡರು, ಮೆಲ್ಲ ಹತ್ತಿರ ಬಂದು ನನ್ನ ಕೈಯನ್ನೇ ನೋಡುತ್ತಾ ಕುಳಿತರು.

"ಸ್ವಲ್ಪ ಬಿಗಿ ಹೊಲಿ ಮಗಾ, ದಾರಿಯಲ್ಲಿ ಯಾರಾದ್ರೂ ಬಿಚ್ಚಿಯಾರು" ಎಂದರು.